ನೀರು ಕಡಿಮೆಯಾದರೂ ಕೈ ಶುದ್ಧವಿರಲಿ

ಕೌತಾಳಂ, ಹೊಳಗುಂದ, ಕೋಸಿಗಿ ಕಡೆಯ ಎಷ್ಟೋ ಹಳ್ಳಿಗಳಿಗೆ ಆಸ್ಪತ್ರೆ ಎಂದರೆ ಆದೋನಿ. ಅಲ್ಲಿ ಆಗದಿದ್ದರೆ ಕರ್ನೂಲಿನ ದೊಡ್ಡಾಸ್ಪತ್ರೆ, ಇಲ್ಲವೇ ಆಂಧ್ರದ ಗಡಿ ದಾಟಿ ಕರ್ನಾಟಕದ ಬಳ್ಳಾರಿ. 1953ರವರೆಗೆ ಆದೋನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಕನ್ನಡ, ತೆಲುಗು, ಉರ್ದು ಮೂರೂ ಬೆರೆತ ಈ ಸೀಮೆಯಲ್ಲಿ ರೋಗಿಯೊಬ್ಬರು ವಾರ್ಡು ಸೇರಿದರೆ ತಾಯಿ, ಅತ್ತೆ, ಅಣ್ಣ ಯಾರಾದರೂ ಮಂಚದ ಪಕ್ಕ ಇದ್ದೇ ಇರುತ್ತಾರೆ. ಆಸ್ಪತ್ರೆಯ ಸೋಂಕು ತಡೆಯುವ ಮಾತು ಅವರವರೆಗೂ ತಲುಪಬೇಕು.

ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಪ್ರಕಾರ, ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಆಸ್ಪತ್ರೆ ಸೇರಿದ 100 ಜನರಲ್ಲಿ 15 ಮಂದಿಗೆ ಅಲ್ಲೇ ಸೋಂಕು ತಗಲುತ್ತದೆ. ಸೋಂಕು ದಾಟಲು ಹೆಚ್ಚಾಗಿ ಕೈಯೇ ಸೇತುವೆ. 1847ರಲ್ಲೇ ವಿಯೆನ್ನಾದ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್ ಇದನ್ನು ತೋರಿಸಿಕೊಟ್ಟಿದ್ದರು. ಶವಪರೀಕ್ಷೆ ಮುಗಿಸಿ ಹೆರಿಗೆ ವಾರ್ಡಿಗೆ ಬರುವವರು ಕ್ಲೋರಿನ್ ಬೆರೆಸಿದ ಸುಣ್ಣದ ನೀರಲ್ಲಿ ಕೈ ತೊಳೆಯಲೇಬೇಕೆಂದು ಅವರು ಕಟ್ಟುಮಾಡಿದರು. ನೂರಕ್ಕೆ ಸುಮಾರು 18 ಇದ್ದ ಬಾಣಂತಿಯರ ಸಾವು ಕೆಲವೇ ತಿಂಗಳಲ್ಲಿ 2ರ ಆಸುಪಾಸಿಗೆ ಇಳಿಯಿತು.

ನಮ್ಮದು ಮಳೆ ಕಡಿಮೆಯ ನೆಲ. ಬೇಸಿಗೆಯಲ್ಲಿ ನಲ್ಲಿಯನ್ನೇ ನಂಬಿ ಕೂರಲಾಗದು. ಆದ್ದರಿಂದ ಪ್ರತಿ ಮಂಚದ ಬಳಿ ಆಲ್ಕೋಹಾಲ್ ಸ್ಯಾನಿಟೈಸರ್ ಇರಬೇಕು. ಅದನ್ನು 20ರಿಂದ 30 ಸೆಕೆಂಡು ಉಜ್ಜಿದರೆ ಸಾಕು. ಕೈಗೆ ರಕ್ತ, ಮಲ, ಮಣ್ಣು ಮೆತ್ತಿದ್ದರೆ ಮಾತ್ರ ಸೋಪು, ನೀರೇ ಬೇಕು. ಅಷ್ಟಕ್ಕಾದರೂ ನೀರು ಮೀಸಲಿಡಬೇಕು. ರೋಗಿಯನ್ನು ಮುಟ್ಟುವ ಮೊದಲು, ಸೂಜಿ ಅಥವಾ ಡ್ರೆಸ್ಸಿಂಗ್ ಕೆಲಸಕ್ಕೆ ಮೊದಲು, ರಕ್ತ-ಮೂತ್ರ ತಾಗಿದ ಮೇಲೆ, ರೋಗಿಯನ್ನು ಮುಟ್ಟಿದ ಮೇಲೆ, ಅವರ ಮಂಚ-ಹಾಸಿಗೆ ಮುಟ್ಟಿದ ಮೇಲೆ: ವೈದ್ಯರು, ನರ್ಸುಗಳಿಗೆ ಈ ಐದೂ ಹೊತ್ತು ಕೈ ಶುಚಿ ಕಡ್ಡಾಯ.

ಜೊತೆಗಿರುವವರ ಪಾಲಿನ ಕೆಲಸವೂ ಇದೆ. ಮೂತ್ರದ ಚೀಲವನ್ನು ಮಂಚಕ್ಕಿಂತ ಮೇಲೆತ್ತಬಾರದು, ನೆಲಕ್ಕೂ ತಾಗಿಸಬಾರದು. ಹೊಲಿಗೆಯನ್ನು ಮುಟ್ಟಿ ನೋಡಬಾರದು. ಕೂಸಿನ ಹೊಕ್ಕುಳಿಗೆ ಅರಿಶಿನ, ಎಣ್ಣೆ ಹಚ್ಚದೆ ಒಣಗಲು ಬಿಡಬೇಕು. ರಕ್ತದ ಹತ್ತಿ ಹಳದಿ ಬುಟ್ಟಿಗೆ ಹೋಗಬೇಕು. ಊಟದ ಎಲೆಯನ್ನು ಅದರಲ್ಲಿ ಹಾಕಬಾರದು.

ಇದನ್ನೆಲ್ಲ ದಾಖಲಾದ ದಿನವೇ, ಬಂದವರು ಮನೆಯಲ್ಲಾಡುವ ಮಾತಿನಲ್ಲೇ, ನರ್ಸು ಅಥವಾ ಆಶಾ ಕಾರ್ಯಕರ್ತೆ ಹೇಳಿಕೊಡಬೇಕು. “ಕೈ ತೊಳೆದುಕೊಂಡಿರಾ ಅಕ್ಕಾ?” ಎಂದು ರೋಗಿ ನರ್ಸನ್ನು ಕೇಳಿದರೆ ಅದನ್ನು ಉದ್ಧಟತನ ಎಂದು ಎಣಿಸಬಾರದು. ಹಾಗೆ ಕೇಳುವುದು ರೋಗಿಯ ಹಕ್ಕು.