ಹದಿಹರೆಯದವರ ಸ್ವಪ್ರತಿಮೆ ಮತ್ತು ಆಕ್ರಮಣಶೀಲ ವರ್ತನೆ

'ನಾನು ಹೇಗಿದ್ದೇನೆ, ನನಗೆ ಎಷ್ಟು ಬೆಲೆ ಇದೆ' ಎಂದು ವಿದ್ಯಾರ್ಥಿ ತನ್ನ ಬಗ್ಗೆ ಕಟ್ಟಿಕೊಳ್ಳುವ ಚಿತ್ರವೇ ಸ್ವಪ್ರತಿಮೆ. ಎರಿಕ್ ಎರಿಕ್‌ಸನ್ ಪ್ರಕಾರ ತನ್ನ ಗುರುತನ್ನು ಕಂಡುಕೊಳ್ಳುವುದೇ ಹದಿಹರೆಯದ ಮುಖ್ಯ ಕೆಲಸ. ಈ ಚಿತ್ರಕ್ಕೆ ಪೆಟ್ಟು ಬಿದ್ದಾಗ ಆಕ್ರಮಣಶೀಲ ವರ್ತನೆ ತೋರಬಹುದು.

'ಕೀಳರಿಮೆ ಇರುವವರೇ ಜಗಳಗಂಟರು' ಎಂಬ ಮಾತು ಅರ್ಧಸತ್ಯ. ತನ್ನ ಬಗ್ಗೆ ಅತಿಯಾಗಿ ಎಣಿಸಿಕೊಂಡವರ ಹಮ್ಮಿಗೆ ಧಕ್ಕೆಯಾದಾಗ ಹಿಂಸೆ ಹುಟ್ಟುತ್ತದೆ ಎಂದು ಬೌಮೈಸ್ಟರ್ ಮತ್ತು ಸಂಗಡಿಗರು 1996ರಲ್ಲಿ ವಾದಿಸಿದರು. ಕಡಿಮೆ ಸ್ವಗೌರವಕ್ಕೂ ಆಕ್ರಮಣಶೀಲತೆಗೂ ಸಂಬಂಧವಿದೆ ಎಂದು ಡೊನೆಲನ್ ಮತ್ತು ಸಂಗಡಿಗರು 2005ರಲ್ಲಿ ತೋರಿಸಿದರು. ಆದ್ದರಿಂದ ಜಗಳವಾಡಿದ ಇಬ್ಬರಿಗೂ ಒಂದೇ ಬುದ್ಧಿಮಾತು ಹೊಂದುವುದಿಲ್ಲ.

ಹೊಡೆಯುವುದಷ್ಟೇ ಆಕ್ರಮಣವಲ್ಲ. ಗುಂಪಿನಿಂದ ಹೊರಗಿಡುವುದು, ಗಾಳಿಮಾತು ಹಬ್ಬಿಸುವುದು, ಸ್ನೇಹ ಮುರಿಯುತ್ತೇನೆಂದು ಬೆದರಿಸುವುದು ಇವನ್ನು ಕ್ರಿಕ್ ಮತ್ತು ಗ್ರಾಟ್‌ಪೀಟರ್ 1995ರಲ್ಲಿ 'ಸಂಬಂಧಾತ್ಮಕ ಆಕ್ರಮಣ' ಎಂದು ಗುರುತಿಸಿದರು. ಅವರ ಅಧ್ಯಯನದಲ್ಲಿ ಇದು ಹುಡುಗಿಯರಲ್ಲಿ ಹೆಚ್ಚು ಕಂಡಿತು. ಆದರೆ 148 ಅಧ್ಯಯನಗಳನ್ನು ಒಟ್ಟುಗೂಡಿಸಿದ 2008ರ ವಿಶ್ಲೇಷಣೆಯಲ್ಲಿ ಈ ವ್ಯತ್ಯಾಸ ತೀರಾ ಅಲ್ಪ. ನೇರ ಹೊಡೆದಾಟ ಮಾತ್ರ ಹುಡುಗರಲ್ಲಿ ಸ್ಪಷ್ಟವಾಗಿ ಹೆಚ್ಚು.

ಬೋಧನಾಭ್ಯಾಸಕ್ಕಾಗಿ ದಾವಣಗೆರೆಯಿಂದ ಹರಿಹರದ ಒಂದು ಪ್ರೌಢಶಾಲೆಗೆ ಹೋಗುತ್ತಿದ್ದ ದಿನಗಳಲ್ಲಿ ಎಂಟನೇ ತರಗತಿಯಲ್ಲಿ ಎರಡನ್ನೂ ಕಂಡೆ. ಕುಳ್ಳನೆಂದು ಕರೆಸಿಕೊಂಡ ಹುಡುಗ ಗೆಳೆಯನ ಕಾಲರ್ ಹಿಡಿದ. ವಿಷಯ ಮುಖ್ಯೋಪಾಧ್ಯಾಯರವರೆಗೆ ಹೋಯಿತು. ಅದೇ ವಾರ ಒಬ್ಬ ಹುಡುಗಿ ಬಿಸಿಯೂಟಕ್ಕೆ ಒಂಟಿಯಾಗಿ ಕೂರುತ್ತಿದ್ದಳು; ಪ್ರಯೋಗದ ಗುಂಪಿಗೂ ಅವಳನ್ನು ಯಾರೂ ಕರೆಯಲಿಲ್ಲ. ಅದಕ್ಕೆ ದೂರಿಲ್ಲ, ದಾಖಲೆಯೂ ಇಲ್ಲ. ಎರಡು ದಿನ ಅವಳು ಶಾಲೆಗೇ ಬರಲಿಲ್ಲ. ಸದ್ದು ಮಾಡಿದ ಜಗಳ ಬೇಗ ಬಗೆಹರಿಯಿತು, ಸದ್ದಿಲ್ಲದ್ದು ಉಳಿಯಿತು.

ಮುಂದಿನ ಪಾಠಗಳಲ್ಲಿ ಮೂರು ಕ್ರಮ ಅನುಸರಿಸಿದೆ. ಗುಂಪುಗಳನ್ನು ಹಾಜರಿ ಸಂಖ್ಯೆಯಂತೆ ನಾನೇ ರಚಿಸಿ, ಪ್ರತಿಯೊಬ್ಬರಿಗೂ ಒಂದು ಕೆಲಸ ಕೊಟ್ಟೆ: ಒಬ್ಬರು ಅಳೆಯಬೇಕು, ಒಬ್ಬರು ಬರೆಯಬೇಕು, ಒಬ್ಬರು ವಿವರಿಸಬೇಕು. ಕಿರುಪರೀಕ್ಷೆಯ ಅಂಕಗಳನ್ನು ಗಟ್ಟಿಯಾಗಿ ಓದದೆ ಉತ್ತರಪತ್ರಿಕೆಯಲ್ಲೇ ಬರೆದುಕೊಟ್ಟೆ. 'ನೀನು ಒರಟ' ಎನ್ನದೆ 'ಕಾಲರ್ ಹಿಡಿದದ್ದು ತಪ್ಪು' ಎಂದು ಕೃತ್ಯವನ್ನಷ್ಟೇ ಹೆಸರಿಸಿದೆ. ಆ ಹುಡುಗಿ ಅಳತೆಯ ಕೆಲಸ ವಹಿಸಿಕೊಂಡಳು. ಗುಂಪಿನವರು ಅಳತೆಗಾಗಿ ಅವಳನ್ನೇ ಕೇಳಬೇಕಾಯಿತು. ಊಟಕ್ಕೆ ಜೊತೆ ಸಿಗಲು ಮಾತ್ರ ಇನ್ನೂ ಸಮಯ ಹಿಡಿಯಿತು.

ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಕಲಂ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಅಡ್ಡಹೆಸರು, ಬಹಿರಂಗ ಹೋಲಿಕೆಗಳು ಶಿಕ್ಷಕರ ಬಾಯಿಂದ ಬಂದರೆ ಮಕ್ಕಳು ಅವನ್ನೇ ಕಲಿಯುತ್ತಾರೆ. ಆದ್ದರಿಂದ ನಮ್ಮ ತರಗತಿ ವೀಕ್ಷಣಾ ಪುಸ್ತಕದಲ್ಲಿ 'ಯಾರು ಗಲಾಟೆ ಮಾಡಿದರು' ಎಂಬುದರ ಪಕ್ಕದಲ್ಲಿ 'ಯಾರು ಒಂಟಿಯಾಗಿದ್ದರು' ಎಂಬ ಅಂಕಣವೂ ಇರಲಿ.