ಕಾರ್ಡಿನಿಂದ ಕೊಂಡ ಮಾಲಿನ ಹಣಕ್ಕೆ ರಕ್ಷಣೆ

ನುಗ್ಗೇಹಳ್ಳಿಯ ಕಡೆಯ ತೋಟದವರು ಸಿಂಪರಣಾ ಯಂತ್ರ, ಹನಿ ನೀರಾವರಿಯ ಕೊಳವೆ ಮೊದಲಾದುವನ್ನು ಅಂತರ್ಜಾಲದ ಮೂಲಕವೂ ತರಿಸಲು ಈಗ ಅವಕಾಶವುಂಟು. ಸಂತೆಯಲ್ಲಿ ಮಾಲನ್ನು ಕೈಯಲ್ಲಿ ಹಿಡಿದು ನೋಡಿ ಹಣ ಕೊಡುವುದು ವಾಡಿಕೆ; ಇಲ್ಲಿಯಾದರೋ ಹಣ ಮುಂದು, ಮಾಲು ಹಿಂದು. ಔಷಧಿ ಹೊಡೆಯುವ ಕಾಲದಲ್ಲಿ ಹಣ ಸಿಕ್ಕಿಬಿದ್ದರೆ ಬೆಳೆಗೇ ನಷ್ಟ. ಆದುದರಿಂದ ಈ ಕ್ರಮವನ್ನು ಅರಿತಿರುವುದು ಅವಶ್ಯಕ.

ಕಾರ್ಡಿನ ಸಂಖ್ಯೆಯನ್ನು ಕೊಟ್ಟೊಡನೆ ಹಣವು ವರ್ತಕನಿಗೆ ಸೇರಿತೆಂದು ಭಾವಿಸಲಾಗದು. ಕೆಲವು ವ್ಯಾಪಾರಗಳಲ್ಲಿ ಬ್ಯಾಂಕು ಮೊದಲು ಆ ಮೊಬಲಗನ್ನು ತಡೆಹಿಡಿಯುವುದು ಮಾತ್ರ. ಹೀಗೆ ತಡೆಯಲ್ಲಿರುವ 5,000 ರೂಪಾಯಿ ಖಾತೆಯಲ್ಲಿದ್ದರೂ ಬೇರೆ ಖರ್ಚಿಗೆ ಒದಗದು. ವರ್ತಕನು ಮಾಲನ್ನು ರವಾನಿಸಿ ಕೇಳಿದಾಗ ಅದು ಸಂದಾಯವಾಗುವುದು. ಕೇಳದಿದ್ದರೆ ಅವಧಿ ತೀರಿದ ಮೇಲೆ ತಡೆಯು ಬಿಟ್ಟುಹೋಗುವುದು.

ಖಾತೆಯಿಂದ ಹಣ ಕಳೆದೂ ವರ್ತಕನಿಗೆ ಸಂದಾಯದ ದೃಢೀಕರಣ ಮುಟ್ಟದಿದ್ದರೆ, ರಿಜರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆಯಂತೆ ಹಣವನ್ನು 5 ದಿನಗಳೊಳಗಾಗಿ ಹಿಂದಿರುಗಿಸತಕ್ಕದ್ದು. ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಸಲ್ಲತಕ್ಕದ್ದು.

ಮಾಲು ಬಾರದಿದ್ದರೆ ಅಥವಾ ಕೆಟ್ಟದ್ದು ಬಂದರೆ, ಮೊದಲು ಮಾರಾಟ ಸಂಸ್ಥೆಯ ದೂರು ಅಧಿಕಾರಿಗೆ ಬರೆಯತಕ್ಕದ್ದು. 2020ರ ಇ-ವಾಣಿಜ್ಯ ನಿಯಮಗಳಂತೆ ದೂರು ಮುಟ್ಟಿದುದನ್ನು 48 ಗಂಟೆಗಳೊಳಗೆ ತಿಳಿಸಿ, ಒಂದು ತಿಂಗಳೊಳಗೆ ಇತ್ಯರ್ಥಪಡಿಸಬೇಕು. ಕಾರ್ಡು ಕೊಟ್ಟ ಬ್ಯಾಂಕಿಗೂ ತಕರಾರು ಸಲ್ಲಿಸಬಹುದು; ಮಾಲು ತಲಪಿಸಿದ ರುಜುವಾತನ್ನು ವರ್ತಕನು ಒದಗಿಸಲಾರದಿದ್ದರೆ ಹಣ ಮರಳುವ ಸಂಭವವುಂಟು. ತಕರಾರಿಗೆ ವಾಯಿದೆಯಿರುವುದರಿಂದ ತಡಮಾಡಬಾರದು. ರಶೀದಿಯನ್ನೂ, ಕಟ್ಟು ಬಿಚ್ಚುವಾಗ ತೆಗೆದ ಛಾಯಾಚಿತ್ರವನ್ನೂ ಜೋಪಾನವಾಗಿಡತಕ್ಕದ್ದು.

ಹಣ ಹಿಂದಿರುಗಿಸುವೆವೆಂದು ಗುಪ್ತ ಸಂಖ್ಯೆ ಕೇಳುವವರನ್ನು ನಂಬಲೇಬಾರದು. ಗ್ರಾಹಕರ ದೂರಿಗೆ 1915, ಮೋಸಹೋದರೆ ಒಡನೆಯೇ 1930—ಈ ಎರಡು ಸಂಖ್ಯೆಗಳನ್ನು ಗ್ರಾಮದ ಮುಖಂಡರು ಎಲ್ಲರಿಗೂ ತಿಳಿಯಪಡಿಸುವುದು ಯುಕ್ತ.