ಮಳೆಗಾಲದಲ್ಲಿ ಬೀಳುವ ಸ್ವಿಚ್ಚು: ಮನೆಯ ವೈರಿಂಗ್ ಬಗ್ಗೆ ಸದಸ್ಯರ ಸಂದೇಹಗಳು

ಮಳೆಗಾಲ ಹತ್ತಿರವಾದಂತೆ ಸಂಘಕ್ಕೆ ಬರುವ ಸದಸ್ಯರು ಗೊಬ್ಬರ, ಮೈಲುತುತ್ತದ ಮಾತಿನ ನಡುವೆ ಮನೆಯ ಕರೆಂಟಿನ ಮಾತನ್ನೂ ಎತ್ತುತ್ತಾರೆ. ಹೆಚ್ಚಾಗಿ ಕೇಳುವ ಪ್ರಶ್ನೆ ಇದು: “ಮಳೆ ಹಿಡಿದರೆ ಸಾಕು, ಮೀಟರ್ ಬೋರ್ಡಿನ ಸ್ವಿಚ್ಚು ತಾನಾಗಿ ಬೀಳುತ್ತದೆ. ಅದನ್ನು ತೆಗೆಸಿ ನೇರ ಲೈನ್ ಕೊಡಿಸಬಹುದೇ?” ಖಂಡಿತ ಕೊಡಿಸಬಾರದು. ಏಕೆಂಬುದನ್ನು ತುಸು ವಿವರವಾಗಿ ತಿಳಿಸುತ್ತೇವೆ.

ಬೀಳುವ ಆ ಸ್ವಿಚ್ಚಿನ ಹೆಸರು ಆರ್.ಸಿ.ಸಿ.ಬಿ. ಇ.ಎಲ್.ಸಿ.ಬಿ. ಎಂಬ ಹಳೆಯ ಹೆಸರೂ ರೂಢಿಯಲ್ಲಿದೆ. ಪಕ್ಕದಲ್ಲಿರುವ ಎಂ.ಸಿ.ಬಿ.ಗಳು ಅಥವಾ ಹಳೆಯ ಪಿಂಗಾಣಿ ಫ್ಯೂಜುಗಳ ಕೆಲಸವೇ ಬೇರೆ. ಅವು ಕಾಯುವುದು ತಂತಿಯನ್ನು. ೧೬ ಆಂಪಿಯರಿನ ಎಂ.ಸಿ.ಬಿ. ಬೀಳಬೇಕಾದರೆ ಅದಕ್ಕಿಂತ ಹೆಚ್ಚು ಕರೆಂಟು ಹರಿಯಬೇಕು. ಮನುಷ್ಯನ ಎದೆಯ ಮೂಲಕ ಒಂದು ಆಂಪಿಯರಿನ ಹತ್ತನೆಯ ಒಂದು ಪಾಲು ಹರಿದರೂ ಪ್ರಾಣ ಹೋಗಬಹುದು. ಆರ್.ಸಿ.ಸಿ.ಬಿ. ಮಾತ್ರ ನಮ್ಮ ಗುಮಾಸ್ತರಂತೆ ಜಮಾ ಖರ್ಚು ತಾಳೆ ನೋಡುತ್ತದೆ. ಫೇಸಿನಲ್ಲಿ ಹೋದದ್ದು ನ್ಯೂಟ್ರಲ್‌ನಲ್ಲಿ ಪೂರ್ತಿ ಹಿಂದಿರುಗದೆ, ೩೦ ಮಿಲಿ ಆಂಪಿಯರಿನಷ್ಟು ಕಡಿಮೆ ಬಂದರೂ, ಗೋಡೆಗೋ ನೆಲಕ್ಕೋ ಮನುಷ್ಯನ ಕೈಗೋ ಸೋರುತ್ತಿದೆ ಎಂದು ತಿಳಿದು ಕ್ಷಣಾರ್ಧದಲ್ಲಿ ಲೈನ್ ಕಡಿಯುತ್ತದೆ. ಮಳೆಯಲ್ಲಿ ಅದು ಬೀಳುತ್ತಿದ್ದರೆ ಸಾಮಾನ್ಯವಾಗಿ ಮನೆಯಲ್ಲಿ ಎಲ್ಲೋ ಸೋರಿಕೆ ಇದೆ ಎಂದೇ ಅರ್ಥ.

“ನಮ್ಮಲ್ಲಿ ಅರ್ತಿಂಗ್ ಇದೆ, ಸಾಲದೇ?” ಎಂಬುದು ಎರಡನೆಯ ಪ್ರಶ್ನೆ. ಒಂದು ಲೆಕ್ಕ ನೋಡೋಣ. ಅರ್ತ್ ಗುಂಡಿಯ ತಡೆ ೫೦ ಓಮ್ ಎಂದಿಟ್ಟುಕೊಳ್ಳಿ. ಬಚ್ಚಲಿನ ಗೀಸರಿನೊಳಗೆ ಫೇಸ್ ತಂತಿ ಅದರ ಮೈಗೆ ತಾಗಿತು. ೨೩೦ ವೋಲ್ಟನ್ನು ೫೦ರಿಂದ ಭಾಗಿಸಿದರೆ ೪.೬ ಆಂಪಿಯರ್. ಇಷ್ಟಕ್ಕೆ ೧೬ ಆಂಪಿಯರಿನ ಎಂ.ಸಿ.ಬಿ. ಬೀಳುವುದೇ ಇಲ್ಲ. ಗೀಸರಿನ ಮೈಯಲ್ಲಿ ಕರೆಂಟು ನಿಂತೇ ಇರುತ್ತದೆ! ಆರ್.ಸಿ.ಸಿ.ಬಿ. ಇದ್ದರೆ, ಯಾರೂ ಮುಟ್ಟುವ ಮೊದಲೇ ಬಿದ್ದಿರುತ್ತದೆ. ಆದ್ದರಿಂದ ಎರಡೂ ಬೇಕು.

ಅರ್ತಿಂಗ್ ನಿಂತಿರುವುದು ನೆಲದ ತೇವದ ಮೇಲೆ. ಯಾದಗಿರಿ ಜಿಲ್ಲೆಯ ಹತ್ತಿಕುಣಿಯಂಥ ಬಿಸಿಲು ನಾಡಿನ ಊರಿನಲ್ಲಿ, ಹತ್ತಿರದಲ್ಲೇ ಜಲಾಶಯವಿದ್ದರೂ, ಬೇಸಿಗೆಯಲ್ಲಿ ಅಂಗಳದ ಮಣ್ಣು ಒಣಗಿ ಗುಂಡಿಯ ತಡೆ ಏರುತ್ತದೆ; ಗುಂಡಿಗೆ ನೀರು ಹಾಕಲೇಬೇಕು. ಮಲೆನಾಡಿನವರಾದ ನಮಗೆ ಆ ಚಿಂತೆಯಿಲ್ಲ ಎನ್ನುವಂತಿಲ್ಲ. ದಿಬ್ಬದ ಮೇಲಿನ ಮನೆ, ಅಡಿಯಲ್ಲಿ ಜಂಬಿಟ್ಟಿಗೆ, ಅಡಿಕೆ ಕೊಯ್ಲು ಮುಗಿಯುವ ಹೊತ್ತಿಗೆ ನಮ್ಮ ನೆಲವೂ ಒಣಗಿರುತ್ತದೆ. ಎರಡೂವರೆ ಮೀಟರ್ ಜಿ.ಐ. ಪೈಪು ಹೂತು ಸುತ್ತ ಇದ್ದಿಲು, ಉಪ್ಪು ತುಂಬಿಸಿದ ಗುಂಡಿಗೆ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕುವುದು ದೊಡ್ಡ ಕೆಲಸವಲ್ಲ. ಪೈಪಿಗೆ ತಂತಿ ಬಿಗಿದ ಬೋಲ್ಟು ತುಕ್ಕು ಹಿಡಿದಿದೆಯೇ ಎಂದೂ ನೋಡಿ. ಎಷ್ಟೋ ಮನೆಗಳಲ್ಲಿ ಗುಂಡಿ ಇದೆ, ತಂತಿ ಕಳಚಿ ವರ್ಷಗಳಾಗಿವೆ.

ಇನ್ನು ಸೋರಿಕೆ ಹುಡುಕುವ ಬಗೆ. ಎಲ್ಲ ಎಂ.ಸಿ.ಬಿ.ಗಳನ್ನು ಕೆಳಗಿಳಿಸಿ, ಪ್ಲಗ್ಗುಗಳನ್ನೆಲ್ಲ ಕಿತ್ತು, ಆರ್.ಸಿ.ಸಿ.ಬಿ. ಮೇಲೆತ್ತಿ. ನಿಂತರೆ, ಎಂ.ಸಿ.ಬಿ.ಗಳನ್ನು ಒಂದೊಂದಾಗಿ ಎತ್ತುತ್ತ ಬನ್ನಿ. ಯಾವುದನ್ನು ಎತ್ತಿದಾಗ ಬೀಳುತ್ತದೋ ದೋಷ ಆ ಲೈನಿನಲ್ಲಿ. ಎಲ್ಲವೂ ನಿಂತರೆ ಉಪಕರಣಗಳನ್ನು ಒಂದೊಂದಾಗಿ ಸಿಕ್ಕಿಸಿ ನೋಡಿ. ಮೊದಲು ಅನುಮಾನಿಸಬೇಕಾದವು ಅಂಗಳದ ದೀಪ, ಬಚ್ಚಲಿನ ಗೀಸರು, ಸೋರುವ ಗೋಡೆಯೊಳಗಿನ ಪೈಪು ಮತ್ತು ಅಟ್ಟದಲ್ಲಿ ಇಲಿ ಕಡಿದ ತಂತಿ. ಎಲ್ಲ ಎಂ.ಸಿ.ಬಿ. ಇಳಿಸಿದರೂ ಸ್ವಿಚ್ಚು ನಿಲ್ಲದಿದ್ದರೆ ನ್ಯೂಟ್ರಲ್ ತಂತಿಯೇ ನೆಲಕ್ಕೆ ತಾಗಿರಬಹುದು; ಅದು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರ ಕೆಲಸ. ನೀವು ಕೈ ಹಾಕಬೇಡಿ.

ಇನ್ವರ್ಟರ್ ಹಾಕಿಸಿದ ಮೇಲೆ ತೊಂದರೆ ಶುರುವಾಯಿತು ಎನ್ನುವವರೂ ಇದ್ದಾರೆ. ಇನ್ವರ್ಟರಿನ ನ್ಯೂಟ್ರಲ್ಲನ್ನೂ ಮನೆಯ ನ್ಯೂಟ್ರಲ್ಲನ್ನೂ ಬೆರೆಸಿಬಿಟ್ಟರೆ ಲೆಕ್ಕ ತಾಳೆಯಾಗದೆ ಸ್ವಿಚ್ಚು ಬೀಳುತ್ತದೆ, ಬೇರ್ಪಡಿಸಿದರೆ ಸರಿಹೋಗುತ್ತದೆ. ಇದಕ್ಕಿಂತ ಮುಖ್ಯವಾದದ್ದು, ಮೇನ್ ಇಳಿಸಿದರೂ ಇನ್ವರ್ಟರ್ ಲೈನಿನಲ್ಲಿ ಕರೆಂಟು ಇರುತ್ತದೆ. ಹೋಲ್ಡರ್ ಬಿಚ್ಚುವ ಮೊದಲು ಅದನ್ನೂ ಆರಿಸಿ.

ಮರದ ಪಟ್ಟಿಯ ಮೇಲೆ ರಬ್ಬರ್ ತಂತಿ ಎಳೆದ ಹಳೆಯ ವೈರಿಂಗ್ ಇನ್ನೂ ಉಳಿದಿದ್ದರೆ, ತೇಪೆ ಹಾಕುವುದು ವ್ಯರ್ಥ. ರಬ್ಬರು ಪುಡಿಯಾಗಿ ಉದುರಿರುತ್ತದೆ. ಒಂದು ಬೆಳೆಯ ಹಣದಲ್ಲಿ ಅದಕ್ಕೆಂದು ತೆಗೆದಿಡಿ.

ಫೇಸನ್ನೂ ನ್ಯೂಟ್ರಲ್ಲನ್ನೂ ಒಟ್ಟಿಗೆ ಹಿಡಿದವರನ್ನು ಆರ್.ಸಿ.ಸಿ.ಬಿ. ಉಳಿಸಲಾರದು, ಅದರ ಲೆಕ್ಕದಲ್ಲಿ ಕಡಿಮೆಯೇನೂ ಆಗುವುದಿಲ್ಲ. ಅದರ ಮೇಲಿರುವ ‘ಟಿ’ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ, ಬೀಳದಿದ್ದರೆ ಬದಲಾಯಿಸಿ. ಮನೆಯೊಳಗೆ ಯಾರಿಗಾದರೂ ಶಾಕ್ ಹೊಡೆದರೆ ಮುಟ್ಟದೆ ಮೊದಲು ಮೇನ್ ಇಳಿಸಿ, ಇನ್ವರ್ಟರನ್ನೂ ಆರಿಸಿ. ಹೊರಗೆ ಗಾಳಿಗೆ ತುಂಡಾದ ಲೈನನ್ನು ದೋಟಿಯಿಂದ ಸರಿಸಲು ಹೋಗಲೇಬೇಡಿ, ಅಲ್ಯೂಮಿನಿಯಂ ಮತ್ತು ಕಾರ್ಬನ್ ಫೈಬರ್ ದೋಟಿಗಳಲ್ಲಿ ಕರೆಂಟು ಹರಿಯುತ್ತದೆ. ಮಕ್ಕಳನ್ನೂ ದನಗಳನ್ನೂ ದೂರವಿರಿಸಿ ೧೯೧೨ಕ್ಕೆ ಫೋನ್ ಮಾಡಿ.